ಒಬ್ಬರನ್ನು ಬಿಟ್ಟು ಎಲ್ಲರಿಗೂ ಒಪ್ಪಿಗೆ

ಅವರು ತೀರಿಕೊಂಡದ್ದು ಮಣಿಪಾಲದಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಹಗಲು ಹೊತ್ತಿನಲ್ಲಿ, ಹೆಂಡತಿ ಮಕ್ಕಳ ಎದುರಿಗೆ. ಡಾಕ್ಟರ ಸಹಿ ಇತ್ತು, ಮೊಹರು ಇತ್ತು, ಹೊತ್ತು ತರಲು ಒಂದು ದೇಹ ಇತ್ತು. ಹಾಗಾಗಿ ನಮ್ಮ ಸಂಘದ ಮರಣ ಸಹಾಯಧನ ಅವರ ಹೆಂಡತಿಯ ಕೈಗೆ ವಾರದೊಳಗೆ ತಲುಪಿತು. ಅಧ್ಯಕ್ಷರೇ ಮನೆಗೆ ಹೋಗಿ ಕೊಟ್ಟು, ಫೋಟೊ ತೆಗೆಸಿಕೊಂಡು ಬಂದರು.

ಆಮೇಲೆ ಸಂತಾಪ ಸಭೆ. "ಸಂಘದ ಏಳಿಗೆಗಾಗಿ ಹಗಲಿರುಳು ದುಡಿದ ಹಿರಿಯರು" ಎಂದು ಒಬ್ಬರು, "ನೇರ ನಡೆನುಡಿಯವರು" ಎಂದು ಇನ್ನೊಬ್ಬರು. ನಾನು ಮೂಲೆಯ ಮೇಜಿನಲ್ಲಿ ಕೂತು ಕೇಳುತ್ತಿದ್ದೆ. ಇದೇ ಬಾಯಿಗಳು ಅವರು ಮೆಟ್ಟಿಲು ಹತ್ತುವ ಸದ್ದಿಗೆ "ಬಂತು ಪೀಡೆ" ಎಂದದ್ದನ್ನು ಕೇಳಿದ ಕಿವಿ ನನ್ನದು. ಆದರೆ ಸಂತಾಪ ಸಭೆಯಲ್ಲಿ ಗುಮಾಸ್ತೆ ಎದ್ದು ಜಗಳ ಮಾಡುವ ಪದ್ಧತಿ ಇಲ್ಲ. ಎರಡು ನಿಮಿಷ ಮೌನ ನಿಂತೆವು, ಚಾ ಕುಡಿದೆವು. ಅವರ ಬಗ್ಗೆ ಅಲ್ಲಿ ಯಾರೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ಅವರು ತಾಂಡೇಲರಾಗಿದ್ದವರು. ಬೋಟು ನಡೆಸುವವನಿಗೆ, ಯಾವ ಕಡೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂದು ತೀರ್ಮಾನಿಸುವವನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಕಡಲು ಬಿಟ್ಟು ಎಷ್ಟೋ ವರ್ಷವಾದರೂ ಊರಿಗೆಲ್ಲ ಅವರು ತಾಂಡೇಲರೇ. ಕೆಮ್ಮಣ್ಣಿನಲ್ಲಿ ಮನೆ. ಎತ್ತರದ ಆಳು, ಬಿಳಿ ಅಂಗಿಯ ಶೋಕಿ. ಆ ಅಂಗಿಗೆ ಇಸ್ತ್ರಿ ಸರಿಯಾಗದಿದ್ದರೆ ಹೆಂಡತಿಗೆ ಬೈದು ಬೀದಿಗೆ ಕೇಳಿಸುವವರು. ಅವರೇನೂ ದೇವರಂಥ ಮನುಷ್ಯ ಅಲ್ಲ. ಮಾತಿಗೆ ಕೂತರೆ ಬೇರೆಯವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ, ಇಸ್ಪೀಟಿನಲ್ಲಿ ಸೋತರೆ ಎಲೆ ಬಿಸಾಡಿ ಎದ್ದುಹೋಗುತ್ತಿದ್ದರು. ನಾನು ಮದುವೆಯಾಗಿ ಈ ಕಡೆ ಬಂದವಳು, ತವರು ಕಾರ್ಕಳ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಬಂಗುಡೆ ಮೀನಿಗೂ ಬೂತಾಯಿಗೂ ವ್ಯತ್ಯಾಸ ತಿಳಿಯದ್ದು ಕಂಡು ಅವರು ಇಟ್ಟ ಹೆಸರು "ಕಾರ್ಕಳದ ಕಲ್ಲು". ಒಳ್ಳೆಯ ಮನಸ್ಸು ಇದ್ದಾಗ ಮಾತ್ರ ತಂಗಿ.

ನಮ್ಮದು ಮೀನುಗಾರರು ತಾವೇ ತಿಂಗಳು ತಿಂಗಳು ವಂತಿಗೆ ಹಾಕಿ ಕಟ್ಟಿದ ಸಹಾಯ ಸಂಘ. ಸದಸ್ಯನಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಒಂದಿಷ್ಟು, ಸತ್ತರೆ ಮನೆಯವರಿಗೆ ಒಂದಿಷ್ಟು. ಹೂಡೆಯಿಂದ ಕಾಪುವರೆಗೆ ಸದಸ್ಯರಿದ್ದಾರೆ. ಒಂಬತ್ತು ಜನರ ಆಡಳಿತ ಮಂಡಳಿ, ಐದು ವರ್ಷಕ್ಕೊಮ್ಮೆ ಚುನಾವಣೆ. ಚುನಾವಣೆ ಎಂದು ಬರೆಯುವಾಗ ನನಗೆ ನಗು ಬರುತ್ತದೆ.

ನಮ್ಮ ಕಡೆ ಸಂಘಗಳಲ್ಲಿ ಮತದಾನಕ್ಕೆ ಇಳಿಯುವುದು ಮರ್ಯಾದೆಯ ಸಂಗತಿ ಅಲ್ಲ. ಅವಿರೋಧ ಆಯ್ಕೆ ಎಂದರೆ ಹೆಮ್ಮೆ, ಪೇಪರಿನಲ್ಲಿ ಹಾಗೆಂದೇ ಹಾಕಿಸುತ್ತಾರೆ. ಅವಧಿ ಮುಗಿಯುವ ಮೊದಲೇ ಅಧ್ಯಕ್ಷರ ಮನೆಯ ಚಾವಡಿಯಲ್ಲಿ ನಾಲ್ಕು ಜನ ಕೂತು ಕೆಮ್ಮಣ್ಣಿಗೆ ಇಷ್ಟು ಸೀಟು, ಹೂಡೆಗೆ ಇಷ್ಟು, ಕಾಪುವಿಗೆ ಇಷ್ಟು ಎಂದು ಹಂಚಿಕೊಳ್ಳುತ್ತಾರೆ. ಹಾಗೆ ಮಂಡಳಿಗೆ ಬರುವವರಲ್ಲಿ ಒಬ್ಬರು ಐಸ್ ಪ್ಲಾಂಟಿನವರು, ಒಬ್ಬರು ಡೀಸೆಲ್ ಬಂಕಿನವರು, ನಾಲ್ಕೈದು ಜನ ಬೋಟಿನ ಯಜಮಾನರು, ಒಬ್ಬರು ನಿವೃತ್ತ ಮಾಸ್ಟ್ರು. ಯಾರಾದರೂ ತಿಳಿಯದೆ ಹೆಚ್ಚಿನ ನಾಮಪತ್ರ ಹಾಕಿದರೆ ಅವರ ಮನೆಗೆ ಹೋಗಿ, "ಊರಿಗೆ ಒಡಕು ಯಾಕೆ ಮಾರಾಯ್ರೆ" ಎಂದು ಚಾ ಕುಡಿದು ಹಿಂದಕ್ಕೆ ತೆಗೆಸುತ್ತಾರೆ. ಆಮೇಲೆ ಸಭೆಯಲ್ಲಿ ಹೆಸರು ಓದುವುದು, "ಎಲ್ಲರಿಗೂ ಒಪ್ಪಿಗೆ ಅಲ್ವಾ" ಎಂದು ಕೇಳುವುದು, ಚಪ್ಪಾಳೆ, ಬಿಸಿ ಬಿಸಿ ಗೋಳಿಬಜೆ ತಿಂದು ಮನೆಗೆ.

ಆ ಚಪ್ಪಾಳೆಗೆ ಮೊದಲು ಒಂದು ಸ್ವರ ಬರುತ್ತಿತ್ತು. "ಒಪ್ಪಿಗೆ ಇಲ್ಲ."

ತಾಂಡೇಲರು ಸಭೆಯಲ್ಲಿ ಕೂರುತ್ತಿರಲಿಲ್ಲ. ಹಿಂದಿನ ಬಾಗಿಲ ಹತ್ತಿರ ಕಾಲು ಅಗಲಿಸಿ, ನೆಲ ಅಲ್ಲಾಡಿದರೂ ಬೀಳದ ಹಾಗೆ ನಿಲ್ಲುತ್ತಿದ್ದರು. ಕುರ್ಚಿ ಕೊಟ್ಟರೆ "ಕೂತರೆ ನಿದ್ದೆ ಬರ್ತದೆ, ನಿದ್ದೆ ಬಂದರೆ ಚಪ್ಪಾಳೆ ಹೊಡೀತೇನೆ" ಎನ್ನುತ್ತಿದ್ದರು. ಅವರು ಒಪ್ಪಿಗೆ ಇಲ್ಲ ಎಂದದ್ದನ್ನು ಮೊದಲ ಸಲ ಕೇಳಿದಾಗ ನಾನು ನಡಾವಳಿಯಲ್ಲಿ "ಒಬ್ಬರನ್ನು ಬಿಟ್ಟು ಎಲ್ಲರ ಒಪ್ಪಿಗೆಯಿಂದ" ಎಂದು ಬರೆದೆ. ಅಧ್ಯಕ್ಷರು ಅದನ್ನು ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಎಂತ ಬರೆದದ್ದು ಇದು? ಸರ್ವಾನುಮತ ಅಂತ ಬರೀರಿ." "ಒಬ್ಬರು ಇಲ್ಲ ಅಂದರಲ್ಲ ಸರ್." "ಅವರು ಯಾವಾಗ್ಲೂ ಇಲ್ಲ ಅಂತಾರೆ, ಅದು ಲೆಕ್ಕಕ್ಕಿಲ್ಲ." ಹಾಗೆ ಹೊಡೆದು ಬರೆದೆ. ನನಗೂ ಮೊದಮೊದಲು ಆ ಮನುಷ್ಯ ತಲೆನೋವು ಅನಿಸುತ್ತಿತ್ತು ಎಂಬುದು ನಿಜ. ಹಸಿವಾದ ಹೊತ್ತಿನಲ್ಲಿ ಗೋಳಿಬಜೆ ಆರಿಸುವವರನ್ನು ಯಾರು ಮೆಚ್ಚುತ್ತಾರೆ.

ಅವರಿಗೆ ಏನು ಬೇಕಿತ್ತು ಎಂಬುದು ನನಗೆ ತಿಳಿದದ್ದು ಅವರ ತಮ್ಮನ ಹೆಂಡತಿಯಿಂದ.

ಅವರ ತಮ್ಮ ಅವರದೇ ಬೋಟಿನಲ್ಲಿ ಇದ್ದವನು. ಒಂದು ಬೆಳಿಗ್ಗೆ ಬಲೆ ಎಳೆಯುವಾಗ ಹಗ್ಗ ಕಾಲಿಗೆ ಸುತ್ತಿ ನೀರಿಗೆ ಬಿದ್ದ. ಅಣ್ಣ ಕಣ್ಣಾರೆ ಕಂಡದ್ದು, ಹಾರಿ ಹುಡುಕಿದ್ದು, ಸಿಗಲಿಲ್ಲ. ಅಕ್ಕಪಕ್ಕದ ಬೋಟಿನವರೂ ಸೇರಿ ಹುಡುಕಿದರು. ಕಡಲು ಒಮ್ಮೊಮ್ಮೆ ಕೊಡುತ್ತದೆ, ಒಮ್ಮೊಮ್ಮೆ ಕೊಡುವುದಿಲ್ಲ. ಸಂಘದ ನಿಯಮದಲ್ಲಿ ಹೀಗಿದೆ: ಶವ ಸಿಕ್ಕಿದರೆ ಸಹಾಯಧನ, ಸಿಗದಿದ್ದರೆ ಕಾಣೆಯಾದವನು ಎಂದು ಲೆಕ್ಕ, ಏಳು ವರ್ಷ ಕಾಯಬೇಕು. ಅಣ್ಣ ಬಂದು ಮಂಡಳಿಯ ಮುಂದೆ ನಿಂತರು. "ನಾನು ನೋಡಿದ್ದೇನೆ. ನನ್ನ ತಮ್ಮ. ನನ್ನ ಬೋಟಿನಿಂದ ಬಿದ್ದದ್ದು. ಇನ್ನೆಂತ ಸಾಕ್ಷಿ ಬೇಕು?" ಮಂಡಳಿಯವರು ಕಣ್ಣು ಒರೆಸಿಕೊಂಡರು. ಆದರೆ ನಿಯಮ ನಿಯಮವೇ.

ತಮ್ಮನ ಹೆಂಡತಿ ತಲೆಯ ಮೇಲೆ ಬುಟ್ಟಿ ಇಟ್ಟಳು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಬಸ್ಸಿನಲ್ಲಿ ಉಡುಪಿಗೆ ಬಂದು ಗಲ್ಲಿ ಗಲ್ಲಿ ಮಾರುವುದು. ಏಳು ವರ್ಷ. ಓದುತ್ತಿದ್ದ ಮಗಳು ಹತ್ತನೆಯ ತರಗತಿಗೆ ನಿಲ್ಲಿಸಿ ಮೀನು ಕತ್ತರಿಸುವ ಶೆಡ್ಡಿಗೆ ಸೇರಿದಳು. ಏಳು ವರ್ಷವಾದ ಮೇಲೆ ಹಣ ತೆಗೆದುಕೊಳ್ಳಲು ಆ ಹೆಂಗಸು ನನ್ನ ಮೇಜಿಗೆ ಬಂದಾಗ ಕೈಯಲ್ಲಿ ಹಸಿರು ಬಳೆ ಇತ್ತು, ಹಣೆಯಲ್ಲಿ ಕುಂಕುಮ. ನಾನು ನೋಡಿದ್ದನ್ನು ಕಂಡು ಅವಳೇ ಹೇಳಿದಳು, "ಏಳು ವರ್ಷ ಅವರು ಕಾಣೆ ಅಂತ ನೀವೇ ಹೇಳಿದ್ದಲ್ವಾ ಅಕ್ಕ. ಸತ್ತಿದ್ದಾರೆ ಅಂತ ಯಾರೂ ಹೇಳಲಿಲ್ಲ. ಬಳೆ ಒಡೆಯುವುದು ಯಾವಾಗ?" ಅವಳು ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದಳು. ಅಂದಿನಿಂದ ನನಗೆ ತಾಂಡೇಲರು ತಲೆನೋವು ಅನಿಸಲಿಲ್ಲ.

ತಮ್ಮನ ಮನೆಯ ಪಾಲಿಗೆ ಆದದ್ದು ಆಗಿಹೋಗಿತ್ತು. ಅವರು ಹೊರಟದ್ದು ಮುಂದಿನವಳಿಗಾಗಿ. ಪೊಲೀಸ್ ದೂರು ಇದ್ದು ಬೋಟಿನ ಇಬ್ಬರು ಸಾಕ್ಷಿ ಹೇಳಿದರೆ ಸಾಕು, ಹಣ ಕೊಡಬೇಕು ಎಂದು ನಿಯಮ ಬದಲಾಯಿಸುವುದು, ಅಷ್ಟೇ. "ಇನ್ನೊಬ್ಬಳು ಇಲ್ಲಿ ಬಂದು ಏಳು ವರ್ಷ ಅಂತ ಕೇಳಿಸಿಕೊಳ್ಳಬಾರದು ತಂಗಿ. ಒಂದೇ ಒಂದು ಸಾಲು ಬದಲಾದರೆ ನಾನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ." ಆದರೆ ಆ ಸಾಲನ್ನು ಮಹಾಸಭೆಯ ಮುಂದೆ ತರಬೇಕಾದ್ದು ಆಡಳಿತ ಮಂಡಳಿ. ಮಂಡಳಿಯಲ್ಲಿ ಐದು ಕೈ ಏಳಬೇಕು. ಅಲ್ಲಿದ್ದ ಒಂಬತ್ತರಲ್ಲಿ ಒಂದು ಕೈಯೂ ಬಲೆ ಎಳೆದದ್ದಲ್ಲ.

ಅಧ್ಯಕ್ಷರು ಕೆಟ್ಟವರು ಎಂದು ಓದುವವರಿಗೆ ಅನಿಸಬಾರದು. ಮೆತ್ತಗಿನ ಮನುಷ್ಯ, ನನ್ನ ಮಗಳ ಮದುವೆಗೆ ಎರಡು ದಿನ ಕಾರು ಬಿಟ್ಟುಕೊಟ್ಟವರು. ಅವರಿಗೆ ಅವರದೇ ಭಯ. "ನೋಡಿ, ಸಾಕ್ಷಿ ಸಾಕು ಅಂತ ಮಾಡಿದ್ರೆ ನಾಳೆ ಯಾರಾದ್ರೂ ಸಾಲ ಮಾಡಿ ಗೋವಾಕ್ಕೆ ಓಡಿಹೋಗ್ತಾರೆ, ಕಡಲಿಗೆ ಬಿದ್ದ ಅಂತ ಇಬ್ಬರು ಗೆಳೆಯರು ಬಂದು ಹೇಳ್ತಾರೆ. ಆಗ ಎಂತ ಮಾಡುವುದು?" ಅದಕ್ಕೆ ತಾಂಡೇಲರು ಹೇಳಿದ್ದು, "ಒಬ್ಬ ಕಳ್ಳನಿಗೆ ಹೆದರಿ ನೂರು ಹೆಣದ ಮೇಲೆ ಕೂತುಕೊಳ್ಳುವುದಾ?" ಅಧ್ಯಕ್ಷರು ನಕ್ಕರು. ಅವರಿಗೆ ಕೋಪ ಬರುವುದೇ ಇಲ್ಲ, ಅದೇ ಕಷ್ಟ. ಕೋಪ ಬರುವವರ ಹತ್ತಿರ ಜಗಳವಾದರೂ ಮಾಡಬಹುದು.

ಹಾಗಾದರೆ ಬಲೆ ಎಳೆಯುವವರನ್ನೇ ಮಂಡಳಿಗೆ ಆರಿಸಬಹುದಲ್ಲ, ಸದಸ್ಯರಲ್ಲಿ ಅವರೇ ಹೆಚ್ಚಲ್ಲವೇ ಎಂದು ಕೇಳಬಹುದು. ಅಲ್ಲೇ ಇರುವುದು ಗಂಟು. ಹಿಂದಿನ ಮೂರು ಮಹಾಸಭೆಗಳಲ್ಲಿ ಎರಡಕ್ಕಾದರೂ ಬಂದು ಸಹಿ ಹಾಕಿದವರಿಗೆ ಮಾತ್ರ ಮತ. ನೋಡಲಿಕ್ಕೆ ನ್ಯಾಯವಾದ ನಿಯಮ, ಸಂಘದ ಮೇಲೆ ಆಸಕ್ತಿ ಇರುವವರೇ ಮತ ಹಾಕಲಿ ಎಂದು. ಆದರೆ ನಮ್ಮ ಮಹಾಸಭೆ ನಡೆಯುವುದು ಸೆಪ್ಟೆಂಬರಿನಲ್ಲಿ. ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿದರೆ ಆ ಗಂಡಸರು ಮತ್ತೆ ನೆಲದ ಮೇಲೆ ಸರಿಯಾಗಿ ಸಿಗುವುದು ಮುಂದಿನ ಜೂನಿಗೇ. ನಡುವೆ ಬಂದರೂ ಮೀನು ಇಳಿಸಿ, ಐಸ್ ತುಂಬಿಸಿ, ಮತ್ತೆ ಹೋಗುವುದು. ಹಾಗಾಗಿ ಯಾರಿಗಾಗಿ ಸಂಘ ಕಟ್ಟಿದ್ದೋ ಅವರು ಮಹಾಸಭೆಗೆ ಬರುವುದಿಲ್ಲ, ಬಾರದವರಿಗೆ ಮತ ಇಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಇದನ್ನು ಯಾರೂ ಕುತಂತ್ರದಿಂದ ಮಾಡಿದ್ದಲ್ಲ. ಹಿಂದಿನಿಂದ ಹಾಗೆ ನಡೆದು ಬಂದದ್ದು. ಕುತಂತ್ರವಾಗಿದ್ದರೆ ಒಳ್ಳೆಯದಿತ್ತು, ಮಾಡಿದವರನ್ನು ಹಿಡಿಯಬಹುದಿತ್ತು.

"ಜುಲೈಯಲ್ಲಿ ಸಭೆ ಮಾಡಿ" ಎಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. ಬಲೆಗಳು ಶೆಡ್ಡಿನಲ್ಲಿ, ಗಂಡಸರು ಮನೆಯಲ್ಲಿ, ಹೆಂಗಸರಿಗೆ ಅವರು ಎದುರು ಕೂತದ್ದೇ ಒಂದು ಉಪದ್ರ. ಸಭೆಗೆ ಕರೆದರೆ ಅವರ ಹೆಂಡಂದಿರೇ ದೂಡಿ ಕಳಿಸುವ ಕಾಲ. ಪ್ರತಿ ವರ್ಷ ಬರುತ್ತಿದ್ದ ಉತ್ತರ ಒಂದೇ: "ಆಡಿಟ್ ಆಗಲಿಲ್ಲ." ಲೆಕ್ಕ ಪರಿಶೋಧನೆ ಆಗದೆ ಮಹಾಸಭೆ ಮಾಡುವಂತಿಲ್ಲ, ಆಡಿಟರು ನಮ್ಮ ಕಡತ ಎತ್ತುವುದೇ ಆಗಸ್ಟಿನಲ್ಲಿ. ಹೀಗೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡುತ್ತಾ ಅವರಿಗೆ ಅರುವತ್ತು ದಾಟಿತು.

ಒಂದು ವರ್ಷ ಏಪ್ರಿಲಿನಲ್ಲಿ ಅವರು ನನ್ನನ್ನು ಕೇಳಿದರು, "ಆಡಿಟರ ಆಫೀಸು ಎಲ್ಲಿ ತಂಗಿ?" ಕಡಿಯಾಳಿ ದೇವಸ್ಥಾನದ ಹತ್ತಿರ ಎಂದೆ. ಮಾರನೆಯ ದಿನದಿಂದ ಅವರು ಅಲ್ಲಿಯ ಬೆಂಚಿನಲ್ಲಿ ಕೂರಲು ಶುರು ಮಾಡಿದರು. ಸಂಘದ ಕೆಲಸಕ್ಕೆ ಅವರು ಕೂತದ್ದು ನಾನು ಕೇಳಿದ್ದು ಅದೊಂದೇ ಕಡೆ. ಬಿಳಿ ಅಂಗಿ, ಮಡಚಿದ ಕೊಡೆ, ಏನೂ ಮಾತಿಲ್ಲ. ಆಡಿಟರು ಬಂದಾಗ ಎದ್ದು ನಮಸ್ಕಾರ, ಹೋಗುವಾಗ ಎದ್ದು ನಮಸ್ಕಾರ. ಅದರಿಂದಲೂ ಕೆಲಸ ಆಗದಾಗ, ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಎಂದು ಒಂದು ದಿನ ಒಳ್ಳೆಯ ಒಣ ಸೀಗಡಿ ಕಟ್ಟಿಕೊಂಡು ಹೋದರು. ನಮ್ಮಲ್ಲಿ ಯಾರನ್ನಾದರೂ ಗೌರವದಿಂದ ಕಾಣಲು ಹೋಗುವುದೆಂದರೆ ಮೀನಿಲ್ಲದೆ ಹೋಗುವುದುಂಟೇ. ಆಡಿಟರೋ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯವರು. ಏಸಿ ಹಾಕಿದ ಕೋಣೆ, ಮುಚ್ಚಿದ ಕಿಟಕಿ. ಅವರು ನನಗೆ ಫೋನ್ ಮಾಡಿದರು. "ಮೇಡಂ, ನಿಮ್ಮ ಕಡತ ಈ ವಾರವೇ ಮುಗಿಸಿ ಕೊಡ್ತೇನೆ. ಅವರಿಗೆ ಇನ್ನು ಬರುವುದು ಬೇಡ ಅಂತ ಹೇಳ್ತೀರಾ, ದಯವಿಟ್ಟು." ನಾನು ಫೋನ್ ಇಟ್ಟು ನಕ್ಕದ್ದು ಕೆಳಗಿನ ಅಕ್ಕಿಯಂಗಡಿಯವರಿಗೂ ಕೇಳಿಸಿರಬೇಕು. ತಾಂಡೇಲರಿಗೆ ಹೇಳಿದರೆ ಅವರು ಗಂಭೀರವಾಗಿ, "ನೋಡಿದೆಯಾ, ಒಳ್ಳೆಯ ಸೀಗಡಿಗೆ ಬೆಲೆ ಉಂಟು" ಎಂದರು. ಅವರಿಗೆ ಕೊನೆಯವರೆಗೂ ವಿಷಯ ಗೊತ್ತಾಗಲಿಲ್ಲ.

ಹಾಗೆ ಮಹಾಸಭೆ ಜುಲೈಗೆ ಬಂತು. ಅಧ್ಯಕ್ಷರಿಗೆ ಆಡಿಟ್ ಆಗಲಿಲ್ಲ ಎನ್ನಲು ಬಾಯಿ ಉಳಿಯಲಿಲ್ಲ. ಮುಂದಿನ ಎರಡು ವರ್ಷವೂ ಜುಲೈಯಲ್ಲೇ ಆಯಿತು, ಏಕೆಂದರೆ ಏಪ್ರಿಲ್ ಬಂದ ಕೂಡಲೇ ಆಡಿಟರೇ ಕಡತ ಕೇಳಿ ತರಿಸಿಕೊಳ್ಳುತ್ತಿದ್ದರು. ಮಳೆಯಲ್ಲಿ ನೆನೆದ ಕೊಡೆಗಳನ್ನು ಮೂಲೆಗೆ ಒಟ್ಟಿ, ಬಲೆ ಎಳೆಯುವ ಗಂಡಸರು ಸಭಾಭವನ ತುಂಬಿ ಕೂತದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಗೋಳಿಬಜೆ ಸಾಲದೆ ಹೋಯಿತು. ನಿರ್ಣಯ ಓದಿ ಚಪ್ಪಾಳೆ ಕೇಳಿದರೆ ಅವರೂ ತಟ್ಟುತ್ತಿದ್ದರು, ಅದು ಬೇರೆ ಮಾತು. ತಾಂಡೇಲರು ಹೊರಗೆ ಬಂದು ಬೈಯುವರು. "ಈ ಕೈಯಲ್ಲಿ ಬಲೆ ಎಳೆದದ್ದಾ ನೀವು? ಯಜಮಾನ ಎದುರು ಕೂತ ಕೂಡಲೇ ಚಪ್ಪಾಳೆ." ಅವರು ತಲೆ ತುರಿಸಿಕೊಂಡು ನಗುವರು. ಆದರೂ ಮೂರು ವರ್ಷ ಬಂದರು. ಅವರೆಲ್ಲರಿಗೂ ಮತ ಬಂತು.

ಆ ಗುಂಪಿನಲ್ಲಿ ಕಾಪುವಿನ ಕಡೆಯವನೊಬ್ಬ ಇದ್ದ. ನಮ್ಮ ತಾಂಡೇಲರ ಬೋಟಿನಲ್ಲೇ ಕೆಲಸ ಕಲಿತು ತಾಂಡೇಲನಾದವನು. ಹೊಸದಾಗಿ ಮದುವೆಯಾಗಿತ್ತು. ಇವರ ಹಾಗೆ ಬಾಯಿ ಜೋರು ಅಲ್ಲ, ಕೆಲಸ ಜೋರು. ಬೇರೆ ತಾಂಡೇಲರು ಅವನ ಮಾತು ಕೇಳುತ್ತಿದ್ದರು. ನಮ್ಮ ತಾಂಡೇಲರು ಅವನ ಬಗ್ಗೆ ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು. "ಅವನು ಬಂದರೆ ಹತ್ತು ಬೋಟು ಬಂದ ಹಾಗೆ ತಂಗಿ." ಅವನನ್ನೇ ನಿಲ್ಲಿಸಬಹುದಲ್ಲ ಎಂದರೆ, "ಕಡಲಿನಲ್ಲಿ ಇರುವವನು ತಿಂಗಳ ಸಭೆಗೆ ಬರುವುದು ಹೇಗೆ" ಎಂದರು. ಹಾಗಾಗಿ ಅವರೂ, ಕಡಲು ಬಿಟ್ಟು ದಡದಲ್ಲಿ ಬಲೆ ಹೆಣೆದುಕೊಂಡಿದ್ದ ಇನ್ನು ನಾಲ್ವರೂ ಸೇರಿ ಐದು ಜನ ನಿಲ್ಲುವುದೆಂದಾಯಿತು. ಐದೇ ಸಾಕಿತ್ತು.

ನಾನು ಒಮ್ಮೆ ಕೆಣಕಿದೆ. "ಅಣ್ಣ, ಇಷ್ಟು ಓಟು ಓಟು ಅಂತೀರಲ್ಲ, ನಿಮ್ಮ ಬೋಟಿನಲ್ಲಿ ಯಾವಾಗಲಾದರೂ ಓಟು ಮಾಡಿದ್ದುಂಟಾ?"

"ಬೋಟಿನಲ್ಲಿ ಓಟು ಮಾಡಿದ್ರೆ ಬೋಟು ಮುಳುಗ್ತದೆ. ಸಂಘದಲ್ಲಿ ಮಾಡದಿದ್ರೆ ಸಂಘ ಮುಳುಗ್ತದೆ." ಇಂಥ ಮಾತುಗಳನ್ನು ಅವರು ಮೊದಲೇ ಯೋಚಿಸಿ ಇಟ್ಟುಕೊಂಡು, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು ಎಂದು ನನಗೆ ಗುಮಾನಿ.

ಚುನಾವಣೆಯ ದಿನ ಗೊತ್ತಾಯಿತು, ಅಕ್ಟೋಬರಿನ ಒಂದು ಭಾನುವಾರ. ಮಂಡಳಿಯ ಅವಧಿ ಮುಗಿಯುವುದು ಆಗಲೇ, ಅದನ್ನು ಮಳೆಗಾಲಕ್ಕೆ ಎಳೆಯುವ ಹಾಗಿರಲಿಲ್ಲ. ನಾಮಪತ್ರ ಹಿಂದಕ್ಕೆ ತೆಗೆಸಲು ಇವರ ಮನೆಗೆ ಬಂದವರು ಒಬ್ಬಿಬ್ಬರಲ್ಲ. ಒಂದು ಸೀಟು ಬಿಟ್ಟುಕೊಡುತ್ತೇವೆ, ನೀವು ಅವಿರೋಧವಾಗಿ ಬನ್ನಿ ಎಂದರು. ಅದಕ್ಕೂ ಬಗ್ಗದಾಗ ಊರಿನ ಹಿರಿಯರೊಬ್ಬರನ್ನು ಕರೆತಂದು ದೈವದ ಮುಂದೆ ಮಾತಾಡಿ ಮುಗಿಸುವ ಎಂದರು. "ದೈವದ್ದು ದೈವದ ಹತ್ತಿರ. ಅಲ್ಲಿ ನಾನು ತಲೆ ತಗ್ಗಿಸ್ತೇನೆ. ಇದು ಸಂಘದ್ದು, ಇಲ್ಲಿ ಪೆಟ್ಟಿಗೆ ಇಡಿ" ಎಂದು ಅವರನ್ನು ಕಳಿಸಿದರು. ಅವರ ಹೆಂಡತಿ ಅಂದು ಅತ್ತರಂತೆ. ಊರೆಲ್ಲ ಒಂದು ಕಡೆ, ತನ್ನ ಗಂಡ ಒಂದು ಕಡೆ ಎಂದು.

ಕಾಪುವಿನವನು ಕಡಲಿಗೆ ಹೋಗುವ ಮೊದಲು ಕಚೇರಿಗೆ ಬಂದಿದ್ದ. ಮತದಾನ ಎಲ್ಲಿ, ಎಷ್ಟು ಹೊತ್ತಿನವರೆಗೆ, ಏನು ತರಬೇಕು ಎಂದು ಎಲ್ಲ ಕೇಳಿಕೊಂಡ. "ಶನಿವಾರ ಸಂಜೆಗೆ ಬಂದರಿನಲ್ಲಿ ಇರ್ತೇವೆ ಅಕ್ಕ. ಓಟು ಹಾಕಿಯೇ ಐಸ್ ತುಂಬಿಸುವುದು. ತಾಂಡೇಲರಿಗೆ ಹೇಳಿ." ಹೇಳಿದೆ. ಅಂದು ಅವರು ನನಗೆ ಕಚೇರಿಯ ಕೆಳಗಿನ ಹೋಟೆಲಿನಿಂದ ಬನ್ಸ್ ತರಿಸಿಕೊಟ್ಟರು. ಅಷ್ಟು ವರ್ಷದಲ್ಲಿ ಅವರು ಕೈಯಿಂದ ಖರ್ಚು ಮಾಡಿದ್ದು ನಾನು ಕಂಡದ್ದು ಅದೇ ಮೊದಲು.

ಭಾನುವಾರ ಮತದಾನ ಶಾಲೆಯಲ್ಲಿ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಅವರು ಜಗಲಿಯಲ್ಲಿ ನಿಂತಿದ್ದರು, ಹೊಸ ಬಿಳಿ ಅಂಗಿ. ರಿಕ್ಷಾಗಳಲ್ಲಿ ಜನ ಬರತೊಡಗಿದರು. ಯಜಮಾನರ ಮನೆಯವರು, ಐಸ್ ಪ್ಲಾಂಟಿನವರು, ಕೋಲು ಊರಿಕೊಂಡು ಪಿಂಚಣಿಯವರು. ಅವರು ಎಲ್ಲರಿಗೂ ಕೈಮುಗಿದು ನಗುತ್ತಿದ್ದರು. ಹತ್ತು ಗಂಟೆಯಾಯಿತು. ಬಂದರಿನ ಕಡೆಯ ರಸ್ತೆಯಲ್ಲಿ ಯಾರೂ ಬರಲಿಲ್ಲ. "ಮೀನು ಇಳಿಸ್ತಾ ಇರಬೇಕು" ಎಂದರು. ಹನ್ನೊಂದು ದಾಟಿತು. ಶನಿವಾರ ಸಂಜೆ ಬೋಟು ಬಂದಿಲ್ಲ ಎಂಬುದು ಅವರಿಗೆ ಗೊತ್ತಿತ್ತೋ ಏನೋ, ನನಗೆ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರಿನಿಂದ ಒಬ್ಬ ಬೈಕಿನಲ್ಲಿ ಬಂದ. ವಯರ್‌ಲೆಸ್ಸಿನಲ್ಲಿ ಸುದ್ದಿ ಬಂದಿತ್ತಂತೆ. ಬೊಂಡಾಸ್ ಬಲೆಗೆ ಬಿದ್ದಿದೆ. ರಫ್ತಿಗೆ ಹೋಗುವ, ಒಳ್ಳೆಯ ರೇಟಿನ ಮೀನು. ವರ್ಷಕ್ಕೊಮ್ಮೆ ಹೀಗೆ ರಾಶಿ ರಾಶಿ ಸಿಕ್ಕಿದರೆ ಸಿಕ್ಕಿತು. ಕಾಪುವಿನವನ ಬೋಟು ಮೊದಲು ಕಂಡದ್ದು, ಅವನು ಉಳಿದವರಿಗೂ ಹೇಳಿ ಕರೆದಿದ್ದಾನೆ. ಬಂದರಿಗೆ ತಿರುಗಿದ್ದ ಬೋಟುಗಳೂ ಮತ್ತೆ ಆ ಕಡೆಗೇ ಹೋಗಿವೆ. ಹತ್ತು ಬೋಟು ಬಂದ ಹಾಗೆ ಎಂದಿದ್ದರು, ಹತ್ತು ಬೋಟೂ ಅವನ ಹಿಂದೆಯೇ ಹೋದವು. ಬೈಕಿನವನು ಸಂತೋಷದಿಂದ ಹೇಳುತ್ತಿದ್ದ, ಅವನ ತಮ್ಮನೂ ಒಂದು ಬೋಟಿನಲ್ಲಿ ಇದ್ದ. ತಾಂಡೇಲರು ಎಲ್ಲ ಕೇಳಿ, "ಎಷ್ಟು ಆಳದಲ್ಲಿ?" ಎಂದು ಒಂದು ಪ್ರಶ್ನೆ ಕೇಳಿದರು. ಆದರೂ ಜಗಲಿ ಬಿಟ್ಟು ಹೋಗಲಿಲ್ಲ. ನಾಲ್ಕು ಗಂಟೆಗೆ ನಾನು ಬಾಗಿಲು ಮುಚ್ಚುವವರೆಗೂ ಅಲ್ಲೇ ನಿಂತಿದ್ದರು.

ಎಣಿಕೆ ಬೇಗ ಮುಗಿಯಿತು, ಎಣಿಸಲು ಹೆಚ್ಚೇನೂ ಇರಲಿಲ್ಲ. ಐವರೂ ಸೋತರು. ಅಧ್ಯಕ್ಷರು ಬಂದು ಕೈ ಕುಲುಕಿದರು, "ಬೇಜಾರು ಮಾಡ್ಬೇಡಿ, ಮುಂದಿನ ಸಲ ಹೊಂದಾಣಿಕೆ ಮಾಡುವ" ಎಂದರು. ಇವರೂ ಕೈ ಕುಲುಕಿದರು. ನನಗೆ ತಡೆಯಲಾಗಲಿಲ್ಲ. ಬಸ್ಸಿಗೆ ನಿಂತಾಗ ಹೇಳಿದೆ, "ಎಂಥ ಜನ ಅಣ್ಣ ಇವರು. ಇವರಿಗೋಸ್ಕರ ನೀವು ಊರನ್ನೆಲ್ಲ ಎದುರು ಹಾಕಿಕೊಂಡಿರಿ. ಒಂದು ದಿನ, ಒಂದೇ ಒಂದು ದಿನ ಬರಲಿಕ್ಕಾಗಲಿಲ್ಲವಾ? ಮೋಸ ಮಾಡಿದರಲ್ಲ."

"ಮೋಸ ಎಂತದು?" ಅವರು ನನ್ನನ್ನೇ ಗದರಿದರು. "ಮೀನಿನ ಮೇಲೆ ನಿಂತ ಬೋಟು ತಿರುಗಿಸುವವನು ತಾಂಡೇಲನೇ ಅಲ್ಲ. ಹಿಂದೆ ಹತ್ತು ಮನೆ ಉಂಟು ಅವನಿಗೆ. ಕಲ್ಲು, ನಿನಗೆ ಗೊತ್ತಾಗುವುದಿಲ್ಲ." ಬಸ್ಸು ಬಂತು, ನಾನು ಹತ್ತುವಾಗ ಸ್ವಲ್ಪ ಮೆತ್ತಗೆ ಹೇಳಿದರು, "ನಾನಾದರೂ ತಿರುಗಿಸುತ್ತಿರಲಿಲ್ಲ ತಂಗಿ."

ಆ ಮಾತು ಕೇಳಿ ನನಗೆ ಎಲ್ಲ ಮುಗಿಯಿತು ಅನಿಸಿತು. ಯಾರೋ ಅಡ್ಡ ನಿಂತಿದ್ದರೆ ಅವರನ್ನು ದೂಡಬಹುದು. ಇಲ್ಲಿ ಅಡ್ಡ ನಿಂತದ್ದು ಯಾರು? ಅಧ್ಯಕ್ಷರೂ ಅಲ್ಲ, ಆಡಿಟರೂ ಅಲ್ಲ, ಯಜಮಾನರೂ ಅಲ್ಲ. ಬಲೆ ಎಳೆಯುವವರ ಹೊಟ್ಟೆಪಾಡೇ ಅವರ ಮತಕ್ಕೆ ಅಡ್ಡ ಬಂತು. ಮುಂದಿನ ಐದು ವರ್ಷಕ್ಕೂ ಬರುತ್ತದೆ, ಅದರ ಮುಂದಿನದಕ್ಕೂ ಬರುತ್ತದೆ. ತಾಂಡೇಲರು ಅದನ್ನು ನನಗಿಂತ ಮೊದಲೇ, ಆ ಜಗಲಿಯಲ್ಲಿ ನಿಂತಾಗಲೇ ತಿಳಿದಿದ್ದರು.

ಮತ್ತೆ ಅವರು ಸಭೆಗೆ ಬರಲಿಲ್ಲ. ಸಕ್ಕರೆ ಕಾಯಿಲೆಗೆ ಒಂದು ಕಾಲಿನ ಬೆರಳು ತೆಗೆದರು, ನಿಲ್ಲುವುದೂ ಕಷ್ಟವಾಯಿತು. ಆಡಿಟರ ಆಫೀಸಿಗೆ ಹೋಗುವವರು ಯಾರೂ ಇಲ್ಲದೆ ಕಡತ ಮತ್ತೆ ಆಗಸ್ಟಿಗೆ ಹೋಯಿತು, ಮಹಾಸಭೆ ಸೆಪ್ಟೆಂಬರಿಗೆ. ಈಗ "ಎಲ್ಲರಿಗೂ ಒಪ್ಪಿಗೆ ಅಲ್ವಾ" ಎಂದರೆ ಎಲ್ಲರಿಗೂ ಒಪ್ಪಿಗೆಯೇ. ಮುಂದಿನ ಚುನಾವಣೆಗೆ ಇನ್ನೂ ಸಮಯ ಇದೆ, ಒಂಬತ್ತು ಹೆಸರುಗಳು ಈಗಲೇ ತಯಾರಾಗಿವೆ. ಅದರಲ್ಲಿ ಎರಡು ಹಳೆಯವರ ಮಕ್ಕಳದು.

ಒಂದು ಸಂಗತಿ ಉಳಿದಿದೆ. ಸಂತಾಪ ಸಭೆಯ ದಿನದಿಂದ ನನ್ನನ್ನು ಬಿಡದೆ ಇರುವುದು ಅದು.

ಅವರು ಆಸ್ಪತ್ರೆ ಸೇರುವ ಸ್ವಲ್ಪ ಮೊದಲು, ಗಾಳಿ ಎದ್ದ ಒಂದು ಮಧ್ಯಾಹ್ನ ಕಾಪುವಿನವನು ಕಡಲಿಗೆ ಬಿದ್ದ. ಜೊತೆಯವರು ಕಂಡರು, ಹುಡುಕಿದರು, ಸಿಗಲಿಲ್ಲ. ಇನ್ನೂ ಸಿಕ್ಕಿಲ್ಲ. ಕೆಲವು ದಿನಗಳ ಮೇಲೆ ಅವನ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಕಚೇರಿಗೆ ಬಂದಳು. ಮೆಟ್ಟಿಲಿನಲ್ಲಿ ಅವಳ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಾ, ಗೋಡೆ ಹಿಡಿದುಕೊಂಡು ತಾಂಡೇಲರು. ಅವಳನ್ನು ಕರೆದುಕೊಂಡು ಬಂದವರು ಅವರೇ. ಕುರ್ಚಿ ಎಳೆದು ಕೊಟ್ಟೆ, ಕೂತರು.

ಹೇಳಬೇಕಾದವಳು ನಾನು. ಹೇಳಿದೆ. ಶವ ಸಿಗಬೇಕು, ಇಲ್ಲವಾದರೆ ಏಳು ವರ್ಷ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತಾಂಡೇಲರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರು ಈಗಲಾದರೂ ಮೇಜು ಗುದ್ದಿ ಕೂಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೂಗಲಿಲ್ಲ.

ಅವಳು ಅವರ ಕಡೆ ತಿರುಗಿದಳು. "ಈ ಏಳು ವರ್ಷದ್ದು ತೆಗೀಲಿಕ್ಕೆ ಅಂತಲೇ ಓಟು ಇದ್ದದ್ದು ಅಲ್ವಾ ಮಾವ? ಇವರು ಹೇಳ್ತಾ ಇದ್ದರು, ಹೋಗಿಯೇ ಹೋಗ್ತೇನೆ ಅಂತ. ಆಮೇಲೆ ಕೇಳಿದರೆ ಎಂತದೂ ಹೇಳಲಿಲ್ಲ. ಇವರು ಅಂದು ಬಂದಿದ್ರಾ?"

ನಾನು ತಲೆ ತಗ್ಗಿಸಿದೆ.

"ಬಂದಿದ್ದ ಮಗಾ," ಎಂದರು ಅವರು. "ಎಲ್ಲರಿಗಿಂತ ಮೊದಲು ಬಂದದ್ದು ಅವನೇ. ಬೋಟು ತಿರುಗಿಸಿಕೊಂಡು ಬಂದ, ಓಟು ಹಾಕಿದ, ಹಾಗೇ ಕಡಲಿಗೆ ಹೋದ. ನಾವು ಸೋತದ್ದು ಬೇರೆಯವರಿಂದ."

ಅವಳು ನನ್ನನ್ನು ನೋಡಿದಳು. "ಹೌದಾ ಅಕ್ಕ?"

"ಹೌದು" ಎಂದೆ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಎದ್ದಳು. "ಅಷ್ಟಾದರೂ ಮಾಡಿದ್ದಾರಲ್ಲ ನಮಗೆ," ಎಂದಳು.